ಯುರೋ ಕಪ್‌ಗೆ ಟಿಕೆಟ್ ಸಿಗುವುದು ಹೇಗೆ? ಪೆನ್ನು, ಹಾಳೆ ಹಿಡಿದು ಕೂತ್ಕೊಳ್ಳಿ

ಮೊದಲು ಒಂದು ಸಣ್ಣ ಲೆಕ್ಕ. ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿಯಾದ ಯುರೋ ಕಪ್‌ನ 2024ರ ಅರ್ಹತಾ ಸುತ್ತಿನಲ್ಲಿ ‘ಎ’ ಗುಂಪಿನ ಆಟಗಳೆಲ್ಲ ಮುಗಿದಾಗ ಪಾಯಿಂಟ್ ಪಟ್ಟಿ ಹೀಗಿತ್ತು: ಸ್ಪೇನ್ 21, ಸ್ಕಾಟ್ಲೆಂಡ್ 17, ನಾರ್ವೆ 11, ಜಾರ್ಜಿಯಾ 8, ಸೈಪ್ರಸ್ 0. ಈ ಐದರಲ್ಲಿ ಮೂರು ತಂಡಗಳು ಜರ್ಮನಿಗೆ ಹೋಗಿ ಟೂರ್ನಿ ಆಡಿದವು. ಯಾವ ಮೂರು?

ಸ್ಪೇನ್, ಸ್ಕಾಟ್ಲೆಂಡ್ ಸರಿ. ಮೂರನೆಯದು ನಾರ್ವೆ ಅಲ್ಲ, ಜಾರ್ಜಿಯಾ. ಸ್ಪೇನ್ ಎದುರು ತವರಿನಲ್ಲೇ 7–1ರಿಂದ ಸೋತಿದ್ದ, ಗುಂಪಿನಲ್ಲಿ ನಾಲ್ಕನೆಯದಾಗಿದ್ದ ಜಾರ್ಜಿಯಾ. ಹಾಲಂಡ್, ಓಡೆಗಾರ್ಡ್ ಥರದ ಹೆಸರಾಂತ ಆಟಗಾರರಿದ್ದ ನಾರ್ವೆ ಮನೆಯಲ್ಲೇ ಉಳಿಯಿತು.

ಇದು ಅನ್ಯಾಯ ಅಂತ ಅನ್ನಿಸುತ್ತದೆ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಕೂತು ಲೆಕ್ಕ ಬಿಡಿಸಿದ ಮೇಲೆ ಈ ವ್ಯವಸ್ಥೆಯ ಮೇಲೆ ಪ್ರೀತಿ ಹುಟ್ಟಿತು. ಯುರೋಪಿನ ಮೂಲೆಯಲ್ಲಿ, ಯಾರೂ ಟಿವಿ ಹಾಕಿ ನೋಡದ ಆಟವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬನ್ನಿ, ಒಂದೊಂದೇ ಹೆಜ್ಜೆ ಇಡೋಣ.

ಹೆಜ್ಜೆ 1: ಸೀಟು ಎಷ್ಟು ಅಂತ ಎಣಿಸಿ

ಯುರೋಪಿನ ಫುಟ್‌ಬಾಲ್ ನಡೆಸುವ ಯುಇಎಫ್‌ಎಯಲ್ಲಿ 55 ಸದಸ್ಯ ತಂಡಗಳಿವೆ. ಯುರೋ ಕಪ್‌ನಲ್ಲಿ ಇರುವುದು 24 ಸೀಟು. 2024ಕ್ಕೆ ಜರ್ಮನಿ ಆತಿಥೇಯ ದೇಶ, ಹಾಗಾಗಿ ಅದಕ್ಕೆ ಒಂದು ಸೀಟು ಖಾಯಂ. ರಷ್ಯಾವನ್ನು 2022ರಲ್ಲಿ ಹೊರಗಿಟ್ಟಿದ್ದರು. ಉಳಿದದ್ದು 53 ತಂಡ, 23 ಸೀಟು.

ಈ 23ನ್ನು ಎರಡು ಭಾಗ ಮಾಡಿ ಬರೆದುಕೊಳ್ಳಿ. 20 ಸೀಟು ಅರ್ಹತಾ ಗುಂಪುಗಳಿಂದ. ಇದು ಮುಂಬಾಗಿಲು. 3 ಸೀಟು, ನೇರವಾಗಿ ಹೋಗಲಾಗದವರಿಗೆ ಕೊನೆಗೆ ನಡೆಯುವ ಪ್ಲೇಆಫ್‌ನಿಂದ. ಇದು ಪಕ್ಕದ ಬಾಗಿಲು. ಜಾರ್ಜಿಯಾ ಒಳಗೆ ಬಂದದ್ದು ಈ ಪಕ್ಕದ ಬಾಗಿಲಿನಿಂದ.

ಹೆಜ್ಜೆ 2: ಚೀಟಿ ಎತ್ತುವುದನ್ನು ನೋಡಿ

53 ತಂಡಗಳನ್ನು 10 ಗುಂಪು ಮಾಡಿದರು. ಏಳು ಗುಂಪಿನಲ್ಲಿ ಐದೈದು ತಂಡ, ಮೂರು ಗುಂಪಿನಲ್ಲಿ ಆರಾರು. ಯಾವ ತಂಡ ಯಾವ ಗುಂಪಿಗೆ ಅನ್ನುವುದನ್ನು 2022ರ ಅಕ್ಟೋಬರ್ 9ರಂದು ಫ್ರಾಂಕ್‌ಫರ್ಟ್‌ನಲ್ಲಿ ಚೀಟಿ ಎತ್ತಿ ತೀರ್ಮಾನಿಸಿದರು.

ಸುಮ್ನೆ ಎಲ್ಲ ಚೀಟಿಗಳನ್ನೂ ಒಂದೇ ಡಬ್ಬಿಗೆ ಹಾಕುವುದಿಲ್ಲ. ಬಲದ ಪ್ರಕಾರ ತಂಡಗಳನ್ನು ಬೇರೆ ಬೇರೆ ಪಾಟ್‌ಗೆ ಹಾಕುತ್ತಾರೆ, ಒಂದು ಪಾಟ್‌ನಿಂದ ಒಂದು ಗುಂಪಿಗೆ ಒಂದೇ ತಂಡ. ಬಲ ಅಳೆಯುವುದಕ್ಕೆ ಬಳಸಿದ್ದು ಯುರೋಪಿನ ದೇಶಗಳದ್ದೇ ಇನ್ನೊಂದು ಟೂರ್ನಿಯಾದ ನೇಷನ್ಸ್ ಲೀಗ್‌ನ ಶ್ರೇಯಾಂಕ. ಈ ಹೆಸರನ್ನು ಹಾಳೆಯ ಮೇಲ್ಗಡೆ ದೊಡ್ಡದಾಗಿ ಬರೆದಿಡಿ, ಮುಂದೆ ತುಂಬಾ ಬೇಕಾಗುತ್ತದೆ.

ಭೂಗೋಳ, ರಾಜಕೀಯ ಎರಡೂ ಈ ಡಬ್ಬಿಯೊಳಗೆ ಕೈ ಹಾಕುತ್ತವೆ. ಆ ಸಲ ಅರ್ಮೇನಿಯಾ, ಅಜರ್‌ಬೈಜಾನ್ ಒಂದೇ ಗುಂಪಿಗೆ ಬರುವಂತಿರಲಿಲ್ಲ. ಸ್ಪೇನ್ ಮತ್ತು ಜಿಬ್ರಾಲ್ಟರ್, ಕೊಸೊವೊ ಮತ್ತು ಸರ್ಬಿಯಾ ಕೂಡ. ಚಳಿಗಾಲದಲ್ಲಿ ಹಿಮ ಬೀಳುವ ಜಾಗಗಳು, ಕಜಕಸ್ತಾನದಷ್ಟು ದೂರದ ಪ್ರಯಾಣಗಳು ಒಂದೇ ಗುಂಪಿನಲ್ಲಿ ಜಾಸ್ತಿ ಸೇರದಂತೆಯೂ ನೋಡಿಕೊಳ್ಳುತ್ತಾರೆ.

ಹೆಜ್ಜೆ 3: ಗುಂಪಿನ ಆಟ

ಇದು ಸುಲಭ. ಗುಂಪಿನ ಪ್ರತಿ ತಂಡದ ಜೊತೆ ಎರಡು ಆಟ, ಒಂದು ತವರಿನಲ್ಲಿ, ಒಂದು ಅವರ ಊರಿನಲ್ಲಿ. ಗೆದ್ದರೆ 3 ಪಾಯಿಂಟ್, ಸಮ ಆದರೆ 1. 2023ರ ಮಾರ್ಚ್‌ನಿಂದ ನವೆಂಬರ್‌ವರೆಗೆ 230 ಆಟಗಳು ನಡೆದವು. ಪ್ರತಿ ಗುಂಪಿನ ಮೊದಲೆರಡು ತಂಡಗಳು ನೇರವಾಗಿ ಜರ್ಮನಿಗೆ.

ನಮ್ಮಲ್ಲಿ ಇವನ್ನು ನೋಡುವವರಿಗೆ ನಿದ್ದೆಯದ್ದೇ ಕಷ್ಟ. ನವೆಂಬರ್‌ನಲ್ಲಿ ಅಲ್ಲಿ ರಾತ್ರಿ 8.45ಕ್ಕೆ ಶುರುವಾದ ಆಟ ನಮಗೆ ನಡುರಾತ್ರಿ 1.15ಕ್ಕೆ. ಎಲ್ಲ ಆಟ ನೋಡಲು ಯಾರಿಂದಲೂ ಆಗುವುದಿಲ್ಲ. ಎರಡನೇ ಮತ್ತು ಮೂರನೇ ಸ್ಥಾನದ ತಂಡಗಳು ಪರಸ್ಪರ ಆಡುವ ಪಂದ್ಯಗಳನ್ನು ಆರಿಸಿಕೊಳ್ಳಿ, ನಿಜವಾದ ಒದ್ದಾಟ ಇರುವುದು ಅಲ್ಲಿ. 2023ರ ನವೆಂಬರ್ 20ರಂದು ಲೆವರ್‌ಕುಸೆನ್‌ನಲ್ಲಿ ಉಕ್ರೇನ್ ಮತ್ತು ಇಟಲಿ ಆಡಿದ್ದು ಅಂಥ ಆಟ. ಯುದ್ಧದಿಂದಾಗಿ ಉಕ್ರೇನ್ ತನ್ನ ತವರಿನ ಪಂದ್ಯವನ್ನು ಜರ್ಮನಿಯಲ್ಲಿ ಆಡಬೇಕಾಯಿತು. 0–0 ಆಯಿತು. ಇಬ್ಬರದ್ದೂ 14 ಪಾಯಿಂಟ್. ಇಟಲಿ ಒಳಗೆ, ಉಕ್ರೇನ್ ಹೊರಗೆ. ಯಾಕೆ ಅಂತ ಮುಂದಿನ ಹೆಜ್ಜೆಯಲ್ಲಿದೆ.

ಹೆಜ್ಜೆ 4: ಪಾಯಿಂಟ್ ಸಮ ಆದಾಗ

ಕ್ರಿಕೆಟ್ ನೋಡಿ ಬೆಳೆದ ನಮಗೆ ನೆಟ್ ರನ್‌ರೇಟ್ ಗೊತ್ತು. ಹಾಗಾಗಿ ಇಲ್ಲೂ ಒಟ್ಟು ಗೋಲು ವ್ಯತ್ಯಾಸವೇ ಮೊದಲು ಬರುತ್ತದೆ ಅಂದುಕೊಳ್ಳುತ್ತೇವೆ. ಯುರೋ ಅರ್ಹತಾ ಸುತ್ತಿನಲ್ಲಿ ಹಾಗಿರಲಿಲ್ಲ. ಸಮ ಆದ ತಂಡಗಳು ತಮ್ಮ ತಮ್ಮಲ್ಲೇ ಆಡಿದ ಪಂದ್ಯಗಳನ್ನು ಮೊದಲು ನೋಡುತ್ತಾರೆ. ಅಲ್ಲಿ ಯಾರಿಗೆ ಜಾಸ್ತಿ ಪಾಯಿಂಟ್? ಅದೂ ಸಮವಾದರೆ ಆ ಪಂದ್ಯಗಳ ಗೋಲು ವ್ಯತ್ಯಾಸ, ಆಮೇಲೆ ಆ ಪಂದ್ಯಗಳ ಗೋಲುಗಳು. ಇದ್ಯಾವುದರಲ್ಲೂ ಬಗೆಹರಿಯದಿದ್ದರೆ ಮಾತ್ರ ಇಡೀ ಗುಂಪಿನ ಗೋಲು ವ್ಯತ್ಯಾಸ.

ಇಟಲಿ ಉಕ್ರೇನ್ ಅನ್ನು ಮಿಲಾನ್‌ನಲ್ಲಿ 2–1ರಿಂದ ಸೋಲಿಸಿತ್ತು. ಲೆವರ್‌ಕುಸೆನ್‌ನಲ್ಲಿ ಗೋಲಿಲ್ಲ. ಅಷ್ಟೇ, ಇಟಲಿ ಮುಂದೆ.

ಇನ್ನೂ ಚೆನ್ನಾದ ಉದಾಹರಣೆ ‘ಎಚ್’ ಗುಂಪಿನದು. ಡೆನ್ಮಾರ್ಕ್, ಸ್ಲೊವೇನಿಯಾ ಎರಡಕ್ಕೂ 22 ಪಾಯಿಂಟ್. ಒಟ್ಟು ಗೋಲು ವ್ಯತ್ಯಾಸದಲ್ಲಿ ಸ್ಲೊವೇನಿಯಾವೇ ಮೇಲು. ಆದರೆ ಇಬ್ಬರ ನಡುವಿನ ಒಂದು ಆಟ 1–1, ಇನ್ನೊಂದು ಡೆನ್ಮಾರ್ಕ್‌ಗೆ 2–1. ಹಾಗಾಗಿ ಡೆನ್ಮಾರ್ಕ್ ಮೊದಲು. ನನಗೆ ಈ ನಿಯಮ ಇಷ್ಟ. ಫ್ರಾನ್ಸ್ ಒಂದೇ ರಾತ್ರಿ ಜಿಬ್ರಾಲ್ಟರ್‌ಗೆ 14 ಗೋಲು ಹೊಡೆದಿತ್ತು. ದುರ್ಬಲ ತಂಡದ ಮೇಲೆ ಗೋಲು ಸುರಿದವರಿಗೆ ಲಾಭ ಆಗುವುದಕ್ಕಿಂತ, ಸಮಬಲದವನನ್ನು ಎದುರಿಗೆ ನಿಂತು ಸೋಲಿಸಿದವನಿಗೆ ಲಾಭ ಆಗುವುದು ಸರಿ.

ಹೆಜ್ಜೆ 5: ಪಕ್ಕದ ಬಾಗಿಲು

ಈಗ ಹಾಳೆಯ ಮೇಲ್ಗಡೆ ಬರೆದ ನೇಷನ್ಸ್ ಲೀಗ್‌ಗೆ ಬನ್ನಿ. ಸ್ನೇಹಪರ ಪಂದ್ಯಗಳ ಜಾಗದಲ್ಲಿ 2018ರಲ್ಲಿ ಶುರುವಾದ ಟೂರ್ನಿ ಇದು. ತಂಡಗಳನ್ನು ಬಲದ ಪ್ರಕಾರ ಎ, ಬಿ, ಸಿ, ಡಿ ಅಂತ ನಾಲ್ಕು ಲೀಗ್ ಮಾಡುತ್ತಾರೆ. ಪ್ರತಿ ಲೀಗ್‌ನೊಳಗೂ ಗುಂಪುಗಳು. ಸಣ್ಣ ತಂಡ ತನ್ನಂಥ ತಂಡದ ಜೊತೆ ಆಡುತ್ತದೆ, ಗೆಲ್ಲುವುದನ್ನು ಕಲಿಯುತ್ತದೆ. ಜಾರ್ಜಿಯಾ 2022ರಲ್ಲಿ ಸಿ ಲೀಗ್‌ನಲ್ಲಿತ್ತು. ಬಲ್ಗೇರಿಯಾ, ಉತ್ತರ ಮೆಸಿಡೋನಿಯಾ, ಜಿಬ್ರಾಲ್ಟರ್ ಇದ್ದ ಗುಂಪಿನಲ್ಲಿ ಆರರಲ್ಲಿ ಐದು ಗೆದ್ದು ಒಂದನ್ನು ಸಮ ಮಾಡಿಕೊಂಡು ಮೊದಲ ಸ್ಥಾನ ಪಡೆಯಿತು.

ಪ್ಲೇಆಫ್‌ಗೆ 12 ತಂಡಗಳು ಬರುವುದು ಇಲ್ಲಿಂದ. ಎ, ಬಿ, ಸಿ ಲೀಗ್‌ಗಳಿಗೆ ಒಂದೊಂದು ದಾರಿ, ಒಂದೊಂದು ದಾರಿಯಲ್ಲಿ ನಾಲ್ಕು ತಂಡ. ಮೊದಲ ಅವಕಾಶ ಆ ಲೀಗ್‌ನ ನಾಲ್ಕು ಗುಂಪುಗಳ ವಿಜೇತರಿಗೆ. ಅವರು ಆಗಲೇ ಮುಂಬಾಗಿಲಿನಿಂದ ಹೋಗಿಬಿಟ್ಟಿದ್ದರೆ ಅದೇ ಲೀಗ್‌ನ ಮುಂದಿನ ಶ್ರೇಯಾಂಕದವರಿಗೆ. ಸಿ ಲೀಗ್‌ನಲ್ಲಿ ಟರ್ಕಿ ನೇರವಾಗಿ ಹೋಗಿದ್ದರಿಂದ ಆ ಜಾಗ ಲಕ್ಸೆಂಬರ್ಗ್‌ಗೆ ಸಿಕ್ಕಿತು. ಎ ಲೀಗ್‌ನ 16ರಲ್ಲಿ ಟಿಕೆಟ್ ಇಲ್ಲದೆ ಉಳಿದದ್ದು ಪೋಲೆಂಡ್, ವೇಲ್ಸ್ ಎರಡೇ. ಹಾಗಾಗಿ ಆ ದಾರಿಯಲ್ಲಿ ಎರಡು ಜಾಗ ಖಾಲಿ. ಒಂದು ಡಿ ಲೀಗ್‌ನಲ್ಲಿ ಗುಂಪು ಗೆದ್ದಿದ್ದ ಎಸ್ಟೋನಿಯಾಗೆ ಹೋಯಿತು. ಇನ್ನೊಂದು, ಬಿ ಲೀಗ್‌ನಲ್ಲಿ ಕಾಯುತ್ತಿದ್ದವರಿಗೆ.

ನಾರ್ವೆ ಇದ್ದದ್ದು ಆ ಬಿ ಲೀಗ್‌ನಲ್ಲಿ. ಅದರ ಗುಂಪನ್ನು ಸರ್ಬಿಯಾ ಗೆದ್ದಿತು, ನಾರ್ವೆ 10 ಪಾಯಿಂಟ್‌ಗಳೊಂದಿಗೆ ಎರಡನೆಯದು. ಬಿ ಲೀಗ್‌ನ ಗುಂಪು ವಿಜೇತರಲ್ಲಿ ಸರ್ಬಿಯಾ, ಸ್ಕಾಟ್ಲೆಂಡ್ ನೇರವಾಗಿ ಹೋಗಿದ್ದರಿಂದ, ಎ ದಾರಿಯ ಆ ಒಂದು ಜಾಗವೂ ಸೇರಿ ಒಟ್ಟು ಮೂರು ಜಾಗ. ಹಾಗಾದರೆ ನಾಲ್ಕು ಗುಂಪುಗಳ ಎರಡನೇ ಸ್ಥಾನಿಗಳಲ್ಲಿ ಯಾರು ಮೇಲು? ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ರಷ್ಯಾ ಇಲ್ಲದ ಕಾರಣ ಐಸ್‌ಲ್ಯಾಂಡ್‌ನ ಗುಂಪಿನಲ್ಲಿ ಆಡಿದ್ದು ಮೂರೇ ತಂಡ. ಐಸ್‌ಲ್ಯಾಂಡ್‌ಗೆ ನಾಲ್ಕೇ ಆಟ. ಬೇರೆಯವರಿಗೆ ಆರು. ಇಂಥವರನ್ನು ಹೋಲಿಸುವಾಗ ಎಲ್ಲ ಗುಂಪುಗಳಲ್ಲೂ ಕೊನೆಯ ಸ್ಥಾನದ ತಂಡದ ವಿರುದ್ಧ ಬಂದ ಫಲಿತಾಂಶ ತೆಗೆದುಹಾಕುತ್ತಾರೆ. ನಾರ್ವೆಯ ಗುಂಪಿನಲ್ಲಿ ಕೊನೆಯದಾಗಿದ್ದು ಸ್ವೀಡನ್. ಅದನ್ನು ನಾರ್ವೆ ಎರಡೂ ಸಲ ಸೋಲಿಸಿತ್ತು. ಆ ಆರು ಪಾಯಿಂಟ್ ಹೋಯಿತು. ಹತ್ತು ಇದ್ದದ್ದು ನಾಲ್ಕಾಯಿತು.

ಐಸ್‌ಲ್ಯಾಂಡ್ ಒಂದೂ ಗೆದ್ದಿರಲಿಲ್ಲ, ಒಂದೂ ಸೋತಿರಲಿಲ್ಲ. ಇಸ್ರೇಲ್ ಜೊತೆ ಎರಡು ಸಲ 2–2, ಅಲ್ಬೇನಿಯಾ ಜೊತೆ ಎರಡು ಸಲ 1–1. ಅದಕ್ಕೂ ನಾಲ್ಕೇ ಪಾಯಿಂಟ್. ಆದರೆ ಗೋಲು ವ್ಯತ್ಯಾಸ ಸೊನ್ನೆ, ನಾರ್ವೆಯದು ಮೈನಸ್ ಎರಡು. ಐಸ್‌ಲ್ಯಾಂಡ್ ಒಂದು ಮೆಟ್ಟಿಲು ಮೇಲೆ. ಒಂದು ವರ್ಷದ ಮೇಲೆ, 2023ರ ನವೆಂಬರ್‌ನಲ್ಲಿ ಪ್ಲೇಆಫ್ ಪಟ್ಟಿ ಬಂದಾಗ ಫಿನ್ಲೆಂಡ್, ಉಕ್ರೇನ್, ಐಸ್‌ಲ್ಯಾಂಡ್ ಒಳಗೆ. ಅವರ ಹಿಂದೆಯೇ ಇದ್ದ ನಾರ್ವೆ ಹೊರಗೆ. 2022ರ ಸೆಪ್ಟೆಂಬರ್‌ನಲ್ಲಿ ಅದು ಸ್ಲೊವೇನಿಯಾ ಎದುರು 2–1, ಸರ್ಬಿಯಾ ಎದುರು 2–0 ಸೋತಿತ್ತು. ಆ ಎರಡು ಸೋಲುಗಳಲ್ಲಿ ಒಂದು ಸಮ ಆಗಿದ್ದರೂ ಈ ಕಥೆಯೇ ಬೇರೆ.

ಹೆಜ್ಜೆ 6: ಐದು ದಿನದ ಪ್ಲೇಆಫ್

ಒಂದು ದಾರಿಯ ನಾಲ್ಕು ತಂಡಗಳಿಗೆ ಸೆಮಿಫೈನಲ್, ಫೈನಲ್. ಒಂದೇ ಆಟ, ಎರಡನೇ ಅವಕಾಶ ಇಲ್ಲ. ಸೆಮಿಫೈನಲ್‌ನಲ್ಲಿ ಮೇಲಿನ ಶ್ರೇಯಾಂಕದ ತಂಡಕ್ಕೆ ತವರು ನೆಲ. ಫೈನಲ್ ಯಾರ ಊರಿನಲ್ಲಿ ಅನ್ನುವುದು ಚೀಟಿಯಲ್ಲಿ ಮೊದಲೇ ತೀರ್ಮಾನ ಆಗಿರುತ್ತದೆ. 2024ರಲ್ಲಿ ಮಾರ್ಚ್ 21ಕ್ಕೆ ಸೆಮಿಫೈನಲ್, 26ಕ್ಕೆ ಫೈನಲ್.

ಜಾರ್ಜಿಯಾ ಲಕ್ಸೆಂಬರ್ಗ್ ಅನ್ನು 2–0ರಿಂದ ಸೋಲಿಸಿತು. ಗ್ರೀಸ್ ಕಜಕಸ್ತಾನಕ್ಕೆ ಐದು ಗೋಲು ಹೊಡೆದು, ಫೈನಲ್‌ಗೆ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೆ ಬಂತು. 90 ನಿಮಿಷ ಗೋಲಿಲ್ಲ. ಹೆಚ್ಚುವರಿ 30 ನಿಮಿಷವೂ ಗೋಲಿಲ್ಲ. ಪೆನಾಲ್ಟಿ. ಗ್ರೀಸ್ ನಾಯಕ ಬಕಸೆಟಾಸ್ ಹೊಡೆದ ಚೆಂಡನ್ನು ಗೋಲ್‌ಕೀಪರ್ ಮಮರ್‌ದಾಶ್ವಿಲಿ ತಡೆದರು. ಕೊನೆಗೆ ಚೆಂಡು ಇಟ್ಟವರು ನಿಕಾ ಕ್ವೆಕ್ವೆಸ್ಕಿರಿ. ಅದೇ ತಂಡದ ಕ್ವಾರತ್‌ಸ್ಖೇಲಿಯಾ ಥರ ಜಗತ್ತಿಗೆಲ್ಲ ಗೊತ್ತಿರುವ ಹೆಸರಲ್ಲ. ಅವರು ಹೊಡೆದರು, 4–2 ಆಯಿತು, ಜನ ಮೈದಾನಕ್ಕೆ ನುಗ್ಗಿದರು. 1991ರಲ್ಲಿ ಸ್ವತಂತ್ರವಾದ ದೇಶ ಮೊದಲ ಸಲ ದೊಡ್ಡ ಟೂರ್ನಿಗೆ ಹೊರಟಿತ್ತು. ಮೂರು ತಿಂಗಳ ಮೇಲೆ ಅದೇ ತಂಡ ಗೆಲ್ಸೆನ್‌ಕಿರ್ಶೆನ್‌ನಲ್ಲಿ ರೊನಾಲ್ಡೋನ ಪೋರ್ಚುಗಲ್ ಅನ್ನು 2–0ರಿಂದ ಸೋಲಿಸಿತು. ಪಕ್ಕದ ಬಾಗಿಲಿನಿಂದ ಬಂದವರು ಸುಮ್ನೆ ಜಾಗ ತುಂಬಲು ಬಂದವರಲ್ಲ.

ವಿಶ್ವಕಪ್‌ಗೆ ಬಂದಾಗ ಏನು ಬದಲಾಗುತ್ತದೆ?

ಸೀಟು ಕಡಿಮೆ. 2026ರ ವಿಶ್ವಕಪ್‌ಗೆ ಯುರೋಪಿಗೆ 16. 54 ತಂಡ, 12 ಗುಂಪು, ಗುಂಪಿಗೆ ಒಬ್ಬರೇ ನೇರ. ಎರಡನೇ ಸ್ಥಾನದ 12 ತಂಡಗಳು ಪ್ಲೇಆಫ್‌ಗೆ. ಅವುಗಳ ಜೊತೆ ನೇಷನ್ಸ್ ಲೀಗ್‌ನಿಂದ ನಾಲ್ಕು. ಈ 16 ತಂಡ ಉಳಿದ ನಾಲ್ಕು ಸೀಟಿಗೆ ಹೊಡೆದಾಡಬೇಕು. ಸ್ವೀಡನ್ ತನ್ನ ಗುಂಪಿನಲ್ಲಿ ಒಂದೂ ಆಟ ಗೆಲ್ಲದೆ ಎರಡೇ ಪಾಯಿಂಟ್‌ನೊಂದಿಗೆ ಕೊನೆಯದಾಯಿತು. ಆದರೂ ನೇಷನ್ಸ್ ಲೀಗ್‌ನ ಸಿ ಲೀಗ್‌ನಲ್ಲಿ ಗುಂಪು ಗೆದ್ದಿದ್ದರಿಂದ ಅದಕ್ಕೆ ಪ್ಲೇಆಫ್ ಸಿಕ್ಕಿತು.

ಪಾಯಿಂಟ್ ಸಮ ಆದಾಗಿನ ನಿಯಮವೂ ಬೇರೆ. ಇಲ್ಲಿ ಇಡೀ ಗುಂಪಿನ ಗೋಲು ವ್ಯತ್ಯಾಸವೇ ಮೊದಲು. ಇದರ ಬಿಸಿ ತಟ್ಟಿದ್ದು ಇಟಲಿಗೆ. ಎದುರಿಗಿದ್ದದ್ದು ನಾರ್ವೆ. 2025ರ ನವೆಂಬರ್ 16ರಂದು ಮಿಲಾನ್‌ನಲ್ಲಿ ಕೊನೆಯ ಆಟ. ಇಟಲಿ ಮೂರು ಪಾಯಿಂಟ್ ಹಿಂದೆ. ಓಸ್ಲೋದಲ್ಲಿ ಅದು 3–0 ಸೋತಿತ್ತು. ಯುರೋ ನಿಯಮ ಇದ್ದಿದ್ದರೆ ನಾಲ್ಕು ಗೋಲಿನ ಅಂತರದ ಗೆಲುವು ಸಾಕಿತ್ತು. ಇಲ್ಲಿ ಬೇಕಾಗಿದ್ದದ್ದು ಒಂಬತ್ತು ಗೋಲಿನ ಅಂತರ, ಏಕೆಂದರೆ ನಾರ್ವೆ ದಾರಿಯುದ್ದಕ್ಕೂ ಗೋಲು ಗುಡ್ಡೆ ಹಾಕಿಕೊಂಡು ಬಂದಿತ್ತು. ಇಟಲಿ ಮೊದಲು ಗೋಲು ಹೊಡೆಯಿತು. ಆಮೇಲೆ ನಾರ್ವೆಯ ನೂಸಾ ಸಮ ಮಾಡಿದರು. 78 ಮತ್ತು 79ನೇ ನಿಮಿಷದಲ್ಲಿ ಹಾಲಂಡ್ ಎರಡು, ಕೊನೆಗೆ ಇನ್ನೊಂದು. 4–1. ಎಂಟಕ್ಕೆ ಎಂಟೂ ಗೆದ್ದ ನಾರ್ವೆ 1998ರ ನಂತರ ಮೊದಲ ಸಲ ವಿಶ್ವಕಪ್‌ಗೆ ಹೋಯಿತು. ಎರಡು ವರ್ಷ ಹಿಂದೆ ಲೆಕ್ಕದಲ್ಲಿ ಸೋತ ಹುಡುಗರು ಈ ಸಲ ಲೆಕ್ಕಕ್ಕೇ ಜಾಗ ಬಿಡಲಿಲ್ಲ.

2028ಕ್ಕೆ ಹೊಸ ಹಾಳೆ

ಮುಂದಿನ ಯುರೋ ಕಪ್ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಗಣರಾಜ್ಯದಲ್ಲಿ. ಆತಿಥೇಯರು ನಾಲ್ಕು, ಆದರೆ ಈ ಸಲ ಅವರೂ ಅರ್ಹತಾ ಸುತ್ತು ಆಡಬೇಕು. 12 ಗುಂಪುಗಳ ವಿಜೇತರು ಮತ್ತು ಎರಡನೇ ಸ್ಥಾನಿಗಳಲ್ಲಿ ಅತ್ಯುತ್ತಮ ಎಂಟು ತಂಡ ನೇರವಾಗಿ ಹೋಗುತ್ತವೆ. ಉಳಿದ ನಾಲ್ಕು ಸೀಟಿನಲ್ಲಿ ಗರಿಷ್ಠ ಎರಡನ್ನು, ಹಾಗೆ ಹೋಗಲಾಗದ ಆತಿಥೇಯರಿಗೆ ಕಾದಿಟ್ಟಿದ್ದಾರೆ. ಮಿಕ್ಕದ್ದು ಪ್ಲೇಆಫ್‌ಗೆ.

ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಗಡೆ ಅರ್ಹತಾ ಗುಂಪುಗಳು, ಬಲಗಡೆ ನೇಷನ್ಸ್ ಲೀಗ್‌ನ ಗುಂಪುಗಳು. ಬಲಗಡೆಯದನ್ನು ಮೊದಲು ತುಂಬಬೇಕು, ಆ ಆಟಗಳು 2026ರಲ್ಲೇ ನಡೆಯುತ್ತವೆ. ಪಾಯಿಂಟ್ ಪಕ್ಕದಲ್ಲಿ ಗೋಲು ವ್ಯತ್ಯಾಸ ಬರೆಯುವುದನ್ನು ಮರೆಯಬೇಡಿ, ಸಿ ಲೀಗ್‌ನದ್ದೂ ಸೇರಿಸಿ.