ಕಥೆಯೊಳಗೊಂದು ಕೊಲೆ ಇದ್ದರೆ ಹೀಗೆ ಓದಿ

ಪತ್ತೇದಾರಿ ಕಾದಂಬರಿಯೊಳಗೇ ಇನ್ನೊಂದು ಪತ್ತೇದಾರಿ ಕಾದಂಬರಿ ಸಿಕ್ಕರೆ ನನಗೆ ಹಬ್ಬ. ಹೊರಗಿನ ಕಥೆಯಲ್ಲಿ ಯಾರೋ ಒಂದು ಹಸ್ತಪ್ರತಿ ಓದುತ್ತಿರುತ್ತಾರೆ. ಅದರಲ್ಲೊಂದು ಕೊಲೆ, ಅದನ್ನು ಬರೆದವನ ಸುತ್ತ ಇನ್ನೊಂದು. ಆದರೆ ಮೊದಲ ಸಲ ಇಂಥದ್ದನ್ನು ಓದಿದಾಗ ನನಗೆ ಅರ್ಧ ರುಚಿಯೇ ಸಿಗಲಿಲ್ಲ. ಒಳಗಿನದು ಹೇಗೂ ಕಟ್ಟುಕಥೆ ಅಂದುಕೊಂಡು ಪುಟ ಹಾರಿಸಿದ್ದೆ. ಕೊನೆಗೆ ನೋಡಿದರೆ ಸುಳಿವುಗಳೆಲ್ಲ ಆ ಪುಟಗಳಲ್ಲೇ ಇದ್ದವು.

ಹಾಗಾಗಿ ಒಳಗಿನ ಕಥೆಯನ್ನು ಪೂರ್ತಿ ನಂಬಿ ಓದಿ. ಕೈಯಲ್ಲಿರುವುದು ಅದೊಂದೇ ಪುಸ್ತಕ ಅನ್ನುವ ಹಾಗೆ. ಹಳೆ ಶೈಲಿಯ ಕಥೆಗಳಲ್ಲಿ ಓದುಗರಿಗೆ ಮೋಸ ಮಾಡುವಂತಿಲ್ಲ. ಪತ್ತೇದಾರಿ ಕಥೆಗಳನ್ನೂ ಬರೆಯುತ್ತಿದ್ದ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ ಇದಕ್ಕೆಂದೇ ಹತ್ತು ನಿಯಮ ಬರೆದರು. ಕೊಲೆಗಾರ ಶುರುವಿನಲ್ಲೇ ಕಥೆಯೊಳಗೆ ಬಂದಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ನಮಗೂ ಸಿಗಬೇಕು. ಅದಕ್ಕೇ ಮೊದಲ ಅಧ್ಯಾಯಗಳಲ್ಲಿ ಬಂದುಹೋಗುವ ಒಂದು ಹೆಸರನ್ನೂ ನಾನು ಬಿಡುವುದಿಲ್ಲ.

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಒಳಗಿನವರು, ಬಲಗಡೆ ಹೊರಗಿನವರು. ಹೆಸರು, ಕೊಲೆಯಾದಾಗ ಎಲ್ಲಿದ್ದರು, ಸತ್ತವರ ಮೇಲೆ ಏನು ಕೋಪ, ಪುಟ ಎಷ್ಟು. ಇಷ್ಟು ಸಾಕು. ಕೆಲವು ಪುಸ್ತಕಗಳಲ್ಲಿ ಒಳಗಿನ ಕಥೆಗೆ ಪುಟಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತದೆ, ಗೊಂದಲ ಮಾಡಿಕೊಳ್ಳಬೇಡಿ.

ಹೊರಗಿನ ಕಥೆ ಬೆಳೆದಂತೆ ಗೆರೆ ದಾಟಿ ಬಾಣ ಎಳೆಯುತ್ತಾ ಹೋಗಿ. ಒಳಗೊಬ್ಬ ಜಿಪುಣ ಡಾಕ್ಟರ್ ಇದ್ದರೆ, ಅವನು ಹೊರಗಿನ ಯಾರ ಥರ ಮಾತಾಡುತ್ತಾನೆ? ಬರೆದವನು ಯಾರ ಮೇಲಿನ ಸಿಟ್ಟನ್ನು ಪಾತ್ರದ ಮೇಲೆ ತೀರಿಸಿಕೊಂಡಿದ್ದಾನೆ? ಹೆಸರುಗಳ ಅಕ್ಷರ ಅದಲು ಬದಲು ಮಾಡಿ ನೋಡಿ, ಅಧ್ಯಾಯಗಳ ಮೊದಲಕ್ಷರ ಜೋಡಿಸಿ ನೋಡಿ. ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಡುವುದು ಇದೇ. ಒಂದು ರಾತ್ರಿ ಮೂರು ಬಾಣಗಳು ಒಂದೇ ಹೆಸರಿಗೆ ಬಂದು ನಿಂತವು. ಆಮೇಲೆ ನಿದ್ದೆ ಎಲ್ಲಿ ಬರಬೇಕು!

ಎಷ್ಟೋ ಸಲ ಒಳಗಿನ ಕಥೆ ಗುಟ್ಟು ಬಯಲಾಗುವ ಹೊತ್ತಿಗೇ ನಿಂತುಬಿಡುತ್ತದೆ. ಸಿಟ್ಟು ಬರುತ್ತದೆ, ಅಲ್ವಾ? ಆದರೂ ಕೊನೆಯ ಪುಟಗಳಿಗೆ ಕೈ ಹಾಕಬೇಡಿ. ಪುಸ್ತಕ ಮುಚ್ಚಿ ಒಂದು ದಿನ ಬಿಡಿ. ಅನುಮಾನ ಯಾರ ಮೇಲೆ, ಯಾಕೆ ಅಂತ ಎರಡು ಸಾಲು ಬರೆದಿಡಿ. ಸುಮ್ನೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಆಮೇಲೆ 'ನನಗೆ ಮೊದಲೇ ಗೊತ್ತಿತ್ತು' ಅನ್ನಿಸಿಬಿಡುತ್ತದೆ.

ಎಲ್ಲ ಮುಗಿದ ಮೇಲೆ ಒಳಗಿನ ಕಥೆಯ ಮೊದಲ ಅಧ್ಯಾಯವನ್ನು ಮತ್ತೊಮ್ಮೆ ಓದಿ, ಆ ಹಾಳೆ ಪಕ್ಕದಲ್ಲೇ ಇರಲಿ.