ಮಾರ್ಮಲೇಡ್ ಅಂಟಂಟಾಗಿತ್ತು, ಸರಿಹೋದದ್ದು ಹೀಗೆ

ಥರ್ಮಾಮೀಟರ್ 105 ಡಿಗ್ರಿ ತೋರಿಸುವವರೆಗೂ ಕುದಿಸಿದರೆ ಕಿತ್ತಳೆ ಮಾರ್ಮಲೇಡ್ (ಸಿಪ್ಪೆ ಸಮೇತ ಮಾಡುವ ಜಾಮ್) ಕಂದು ತಿರುಗಿ, ಜೋನಿಬೆಲ್ಲದ ಹಾಗೆ ಚಮಚಕ್ಕೆ ಅಂಟಿತು. 105 ಸಮುದ್ರಮಟ್ಟದ ಲೆಕ್ಕ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98ರಲ್ಲೇ ಕುದಿಯುತ್ತದೆ. ಮೊದಲು ಬರೀ ನೀರು ಕುದಿಸಿ ಅಳೆಯಿರಿ, ಅದಕ್ಕೆ ನಾಲ್ಕೂವರೆ ಡಿಗ್ರಿ ಕೂಡಿಸಿ. ಅಷ್ಟೇ ಹದ.

ಎರಡನೇ ಸಲ ಕಿತ್ತಳೆ ಅರ್ಧ ಕಿಲೋ, ನಿಂಬೆ 2, ನೀರು 1 ಲೀಟರ್, ಸಕ್ಕರೆ ಮುಕ್ಕಾಲು ಕಿಲೋ. ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಜೊತೆಗೇ ಬೇಯಿಸಿ ಚೆನ್ನಾಗಿ ಹಿಂಡಬೇಕು, ಗಟ್ಟಿ ಮಾಡುವ ಪೆಕ್ಟಿನ್ ಅದರಲ್ಲಿದೆ. ಸಿಪ್ಪೆ ಉಗುರಿನಿಂದ ಕತ್ತರಿಸಬಹುದಾದಷ್ಟು ಮೆತ್ತಗಾದ ಮೇಲೆಯೇ ಸಕ್ಕರೆ. ಮುಂಚೆ ಬಿದ್ದರೆ ಆಮೇಲೆ ಬೇಯುವುದಿಲ್ಲ. 102 ದಾಟಿದಾಗ ಫ್ರಿಜ್‌ನಲ್ಲಿಟ್ಟ ಸ್ಟೀಲ್ ತಟ್ಟೆಗೆ ಒಂದು ಹನಿ ಬಿಟ್ಟು, ನಿಮಿಷದ ನಂತರ ಬೆರಳಿಂದ ತಳ್ಳಿ. ಹಾಲಿನ ಕೆನೆಯಂತೆ ಸುಕ್ಕುಗಟ್ಟಿದರೆ ಒಲೆ ಆರಿಸಿ, ಹತ್ತು ನಿಮಿಷ ಬಿಟ್ಟು ಬಾಟಲಿಗೆ ತುಂಬಿ. ಅವಸರ ಮಾಡಿದರೆ ಸಿಪ್ಪೆಯೆಲ್ಲ ಮೇಲೆ ತೇಲುತ್ತದೆ.