ಆಸ್ಪತ್ರೆಯ ಸಿಬ್ಬಂದಿಗೆ ಫ್ಲೂ ಲಸಿಕೆ: ಅಭಿಯಾನವನ್ನು ರೂಪಿಸುವ ಬಗೆ

ಪ್ರತಿ ವರ್ಷವೂ ಫ್ಲೂ ಲಸಿಕೆ ಆಸ್ಪತ್ರೆಗೆ ಬರುತ್ತದೆ, ಸುತ್ತೋಲೆಯೂ ಹೊರಡುತ್ತದೆ. ಆದರೂ ಸಿಬ್ಬಂದಿಯಲ್ಲಿ ಹಲವರು ಅದನ್ನು ಹಾಕಿಸಿಕೊಳ್ಳದೆ ಉಳಿಯುತ್ತಾರೆ. ಇದಕ್ಕೆ ತಿಳಿವಳಿಕೆಯ ಕೊರತೆಯೇ ಕಾರಣವೆಂದು ಭಾವಿಸಿ ಉಪನ್ಯಾಸ ಏರ್ಪಡಿಸುವವರೇ ಹೆಚ್ಚು. ದಿನವಿಡೀ ರೋಗಿಗಳ ನಡುವೆ ದುಡಿಯುವವರಿಗೆ ಫ್ಲೂ ಎಂದರೇನೆಂಬುದು ಚೆನ್ನಾಗಿಯೇ ಗೊತ್ತು. ಅವರಿಗೆ ಬೇಕಿರುವುದು ಸ್ವಲ್ಪ ಬಿಡುವು ಮತ್ತು ತಮ್ಮ ಸಂದೇಹಕ್ಕೆ ನೇರವಾದ ಉತ್ತರ. ಅಭಿಯಾನದ ಹೊಣೆ ಹೊತ್ತ ಸೋಂಕು ನಿಯಂತ್ರಣ ತಂಡ ಈ ಎರಡನ್ನೂ ಒದಗಿಸಬಲ್ಲದು.

ಮೊದಲು ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಿ. ವೈದ್ಯರು ಮತ್ತು ನರ್ಸ್‌ಗಳ ಜೊತೆಗೆ ಸ್ವಚ್ಛತಾ ಸಿಬ್ಬಂದಿ, ವಾರ್ಡ್ ಸಹಾಯಕರು, ಆಂಬುಲೆನ್ಸ್ ಚಾಲಕರು, ಪ್ರಯೋಗಾಲಯದ ತಂತ್ರಜ್ಞರು, ತರಬೇತಿಯಲ್ಲಿರುವ ವಿದ್ಯಾರ್ಥಿಗಳು, ಕಾವಲುಗಾರರು ಮತ್ತು ಗುತ್ತಿಗೆ ನೌಕರರು, ಹೀಗೆ ರೋಗಿಯ ಸಮೀಪ ಸುಳಿಯುವ ಪ್ರತಿಯೊಬ್ಬರೂ ಅದರಲ್ಲಿರಬೇಕು. ಗುತ್ತಿಗೆಯವರನ್ನು ಹೊರಗಿಟ್ಟು ಲೆಕ್ಕ ಹಾಕಿದರೆ ಶೇಕಡಾವಾರು ಪ್ರಮಾಣ ಮೇಲೇರಿದಂತೆ ಕಾಣುತ್ತದೆಯೇ ಹೊರತು ವಾರ್ಡಿನಲ್ಲಿರುವ ರೋಗಿಗೆ ಅದರಿಂದ ಯಾವ ರಕ್ಷಣೆಯೂ ದೊರೆಯುವುದಿಲ್ಲ.

ನಂತರ, ಲಸಿಕೆ ತರಿಸುವುದಕ್ಕೂ ಮುಂಚೆ, ಹಿಂದಿನ ವರ್ಷ ಅದನ್ನು ಹಾಕಿಸಿಕೊಳ್ಳದವರನ್ನು ಕಾರಣ ಕೇಳಿ. ಹೆಸರು ಬರೆಯಬೇಕಿಲ್ಲದ ಒಂದು ಪುಟದ ಪ್ರಶ್ನಾವಳಿ ಇದಕ್ಕೆ ಸಾಕು. ಲಸಿಕೆಯ ಬಗೆಗಿನ ಹಿಂಜರಿಕೆಯನ್ನು ಅಧ್ಯಯನ ಮಾಡಿದ ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯತಂಡವು 2014ರಲ್ಲಿ ಅದರ ಕಾರಣಗಳನ್ನು ಮೂರು ಬಗೆಯಾಗಿ ವಿಂಗಡಿಸಿತು: ಲಸಿಕೆಯ ಮೇಲೆ ವಿಶ್ವಾಸವಿಲ್ಲದಿರುವುದು, ರೋಗದ ಅಪಾಯ ತನಗಿಲ್ಲವೆಂಬ ನಿರಾತಂಕ, ಮತ್ತು ಲಸಿಕೆ ಸುಲಭವಾಗಿ ಕೈಗೆಟುಕದಿರುವುದು. ಬಂದ ಉತ್ತರಗಳನ್ನು ಈ ಮೂರರಲ್ಲಿ ಹಂಚಿ ನೋಡಿದರೆ ಶ್ರಮವನ್ನು ಎಲ್ಲಿ ಹಾಕಬೇಕೆಂಬುದು ಸ್ಪಷ್ಟವಾಗುತ್ತದೆ. ಸಮಯ ಸಿಗದವರ ಕೈಗೆ ಕರಪತ್ರ ಕೊಟ್ಟು ಪ್ರಯೋಜನವಿಲ್ಲ.

ದಿನಾಂಕವನ್ನು ನಿಗದಿಪಡಿಸುವಾಗ ಎರಡು ಸಂಗತಿಗಳನ್ನು ಗಮನದಲ್ಲಿಡಬೇಕು. ಲಸಿಕೆ ಪಡೆದ ಮೇಲೆ ದೇಹದಲ್ಲಿ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ರೂಪುಗೊಳ್ಳಲು ಸುಮಾರು ಎರಡು ವಾರ ಬೇಕಾಗುವುದರಿಂದ ಫ್ಲೂ ಹರಡತೊಡಗುವ ಮೊದಲೇ ಕೆಲಸ ಮುಗಿಯಬೇಕು. ಅಲ್ಲದೆ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ಲಸಿಕೆಯ ಸಂಯೋಜನೆಯನ್ನು ವರ್ಷಕ್ಕೆ ಎರಡು ಬಾರಿ, ಉತ್ತರ ಗೋಲಾರ್ಧಕ್ಕೆ ಫೆಬ್ರವರಿಯಲ್ಲಿ ಮತ್ತು ದಕ್ಷಿಣ ಗೋಲಾರ್ಧಕ್ಕೆ ಸೆಪ್ಟೆಂಬರಿನಲ್ಲಿ, ಶಿಫಾರಸು ಮಾಡುತ್ತದೆ. ಖರೀದಿಗೆ ಮುನ್ನ ಯಾವ ಋತುವಿನ ಲಸಿಕೆ ಬರಲಿದೆ ಎಂಬುದನ್ನು ಪರಿಶೀಲಿಸಿ.

ಇಡೀ ಅಭಿಯಾನದಲ್ಲಿ ಅತ್ಯಂತ ಫಲ ಕೊಡುವ ಕೆಲಸವೆಂದರೆ ಲಸಿಕೆಯನ್ನು ಸಿಬ್ಬಂದಿ ಇರುವಲ್ಲಿಗೇ ಒಯ್ಯುವುದು. ಹೊರರೋಗಿ ವಿಭಾಗದ ಮೂಲೆಯ ಕೊಠಡಿಯಲ್ಲಿ ಮಧ್ಯಾಹ್ನ ಎರಡು ಗಂಟೆಗಳ ಕಾಲವಷ್ಟೇ ಲಸಿಕೆ ಹಾಕಿದರೆ, ತೀವ್ರ ನಿಗಾ ಘಟಕದಲ್ಲಿ ರೋಗಿಯನ್ನು ಬಿಟ್ಟು ಕದಲಲಾಗದ ನರ್ಸ್ ಅಲ್ಲಿಗೆ ಬರುವುದು ಹೇಗೆ? ತಳ್ಳುಗಾಡಿಯಲ್ಲಿ ಶೀತಲ ಪೆಟ್ಟಿಗೆ, ಸಿರಿಂಜುಗಳು, ಸೂಜಿ ವಿಲೇವಾರಿ ಡಬ್ಬಿ, ದಾಖಲೆ ಪುಸ್ತಕ ಮತ್ತು ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಔಷಧ ಸಹಿತ ತುರ್ತು ಕಿಟ್ ಇಟ್ಟುಕೊಂಡು ವಾರ್ಡಿನಿಂದ ವಾರ್ಡಿಗೆ ಹೋಗಿ. ಪಾಳಿ ಬದಲಾಗುವ ಹೊತ್ತಿನಲ್ಲಿ ಎರಡು ಪಾಳಿಯವರೂ ಒಟ್ಟಿಗೆ ಸಿಗುತ್ತಾರೆ. ರಾತ್ರಿ ಪಾಳಿಯವರಿಗಾಗಿ ರಾತ್ರಿಯೇ ಹೋಗಬೇಕು. ಅವರನ್ನು ಬೆಳಿಗ್ಗೆ ಕಾಯಿಸುವುದು ನ್ಯಾಯವಲ್ಲ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಡಬೇಕು. ಹೆಪ್ಪುಗಟ್ಟಿದ ಲಸಿಕೆಯನ್ನು ಬಳಸಬಾರದು. ಚುಚ್ಚುಮದ್ದು ಪಡೆದವರು ನಂತರ 15 ನಿಮಿಷ ಕಣ್ಣಳತೆಯಲ್ಲಿರುವಂತೆ ನೋಡಿಕೊಳ್ಳಿ.

ಸಂದೇಹಗಳಿಗೆ ಉತ್ತರಿಸುವಾಗ ಸತ್ಯವನ್ನು ಎಳ್ಳಷ್ಟೂ ಹಿಗ್ಗಿಸಬೇಡಿ. ‘ಲಸಿಕೆ ಹಾಕಿಸಿಕೊಂಡೇ ನನಗೆ ಫ್ಲೂ ಬಂತು’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಚುಚ್ಚುಮದ್ದಿನ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲದ ಕಾರಣ ಅದು ಫ್ಲೂ ತರಲಾರದು. ತೋಳಿನ ನೋವು, ಸಣ್ಣ ಜ್ವರ ಮತ್ತು ಮೈಕೈ ನೋವು ಒಂದೆರಡು ದಿನ ಇರಬಹುದು, ಇದನ್ನು ಮೊದಲೇ ಹೇಳಿಬಿಡಿ. ‘ಹಾಕಿಸಿಕೊಂಡರೂ ಬರುತ್ತದಲ್ಲ’ ಎನ್ನುವವರ ಮಾತಿನಲ್ಲಿ ನಿಜವಿದೆ. ಲಸಿಕೆಯು ವೈರಸ್‌ಗೆ ಚೆನ್ನಾಗಿ ಹೊಂದಿಕೆಯಾದ ವರ್ಷಗಳಲ್ಲಿ ವೈದ್ಯರ ಬಳಿ ಹೋಗಬೇಕಾಗುವಂಥ ಫ್ಲೂ ಬರುವ ಸಾಧ್ಯತೆ ಶೇ. 40ರಿಂದ 60ರಷ್ಟು ತಗ್ಗುತ್ತದೆ. ಉಳಿದ ವರ್ಷಗಳಲ್ಲಿ ಪ್ರಯೋಜನ ಇನ್ನೂ ಕಡಿಮೆ. ಸಿಬ್ಬಂದಿಯ ಲಸಿಕೆಯಿಂದ ರೋಗಿಗಳ ಸಾವು ಎಷ್ಟು ತಗ್ಗುತ್ತದೆ ಎಂಬ ಬಗ್ಗೆ ಸಂಶೋಧಕರಲ್ಲೇ ಭಿನ್ನಾಭಿಪ್ರಾಯವಿದೆ: ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಡೆದ ಕೆಲವು ಪ್ರಯೋಗಗಳು ದೊಡ್ಡ ಲಾಭವನ್ನು ತೋರಿಸಿದವು, ನಂತರದ ವಿಮರ್ಶೆಗಳು ಆ ಪುರಾವೆಯ ಗುಣಮಟ್ಟವನ್ನು ಪ್ರಶ್ನಿಸಿದವು. ಇದನ್ನು ಮುಚ್ಚಿಟ್ಟರೆ ಓದಿಕೊಂಡ ಸಿಬ್ಬಂದಿ ನಿಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ. ವಾದವಿಲ್ಲದ ಸಂಗತಿಯೇ ಸಾಕಷ್ಟು ಬಲವಾಗಿದೆ: ಫ್ಲೂ ತಗುಲಿದವರು ಲಕ್ಷಣ ಕಾಣಿಸಿಕೊಳ್ಳುವ ಒಂದು ದಿನ ಮೊದಲಿನಿಂದಲೇ ಅದನ್ನು ಹರಡಬಲ್ಲರು, ಕೆಲವರಲ್ಲಿ ಲಕ್ಷಣಗಳೇ ಕಾಣಿಸುವುದಿಲ್ಲ. ಹೀಗಿರುವಾಗ ‘ಹುಷಾರಿಲ್ಲದಿದ್ದರೆ ರಜೆ ಹಾಕುತ್ತೇನೆ’ ಎಂಬ ನಿರ್ಧಾರವೊಂದೇ ರೋಗಿಯನ್ನು ಕಾಪಾಡಲಾರದು.

ಗರ್ಭಿಣಿಯರು ಯಾವ ತಿಂಗಳಿನಲ್ಲಾದರೂ ಚುಚ್ಚುಮದ್ದಿನ ಲಸಿಕೆಯನ್ನು ಪಡೆಯಬಹುದು. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವುದರಿಂದ ಅದು ಅವರಿಗೆ ಸಲ್ಲದು. ಹಿಂದೆ ಫ್ಲೂ ಲಸಿಕೆಯಿಂದಲೇ ತೀವ್ರ ಅಲರ್ಜಿ ಆದವರನ್ನು ತಪ್ಪದೆ ವೈದ್ಯರ ಬಳಿ ಕಳಿಸಿ.

ಕಡ್ಡಾಯದ ಪ್ರಶ್ನೆ ಬಂದೇ ಬರುತ್ತದೆ. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ವೈದ್ಯಕೀಯ ಕೇಂದ್ರವು 2005ರಲ್ಲಿ ಕಡ್ಡಾಯ ನೀತಿಯನ್ನು ಜಾರಿಗೊಳಿಸಿ ಶೇ. 97ಕ್ಕೂ ಹೆಚ್ಚು ಸಿಬ್ಬಂದಿಗೆ ಲಸಿಕೆ ತಲುಪಿಸಿತು. ಇನ್ನೊಂದೆಡೆ, ಲಸಿಕೆ ಇಲ್ಲದವರು ಮುಖಗವಸು ಧರಿಸಲೇಬೇಕೆಂದು ಕೆನಡಾದ ಆಂಟೇರಿಯೊದ ಆಸ್ಪತ್ರೆಯೊಂದು ಮಾಡಿದ್ದ ನಿಯಮವನ್ನು 2015ರಲ್ಲಿ ವಿವಾದ ಇತ್ಯರ್ಥಪಡಿಸುವ ಮಧ್ಯಸ್ಥಗಾರರು ಅಸಮಂಜಸವೆಂದು ತಳ್ಳಿಹಾಕಿದರು. ಕಡ್ಡಾಯದಿಂದ ಸಂಖ್ಯೆ ಏರುವುದು ನಿಜ. ಆದರೆ ರಾತ್ರಿ ಪಾಳಿಗೆ ಲಸಿಕೆಯನ್ನೇ ಒಯ್ಯದ ಆಸ್ಪತ್ರೆಗೆ ಆದೇಶ ಹೊರಡಿಸುವ ನೈತಿಕ ಹಕ್ಕಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ವಾರಕ್ಕೊಮ್ಮೆ ಪ್ರತಿ ವಿಭಾಗದ ಅಂಕಿಅಂಶವನ್ನು ಅಲ್ಲಿನ ಮುಖ್ಯಸ್ಥರಿಗೆ ಕಳುಹಿಸಿ, ವ್ಯಕ್ತಿಗಳ ಹೆಸರನ್ನು ಎಲ್ಲೂ ಪ್ರಕಟಿಸಬೇಡಿ. ದಾಖಲೆಯಲ್ಲಿ ಇಲ್ಲಿ ಪಡೆದವರು, ಬೇರೆಡೆ ಪಡೆದವರು, ನಿರಾಕರಿಸಿದವರು ಮತ್ತು ಇನ್ನೂ ಭೇಟಿಯಾಗದವರು ಎಂದು ನಾಲ್ಕು ಕಾಲಂಗಳಿರಲಿ. ಕೊನೆಯ ಕಾಲಂನವರನ್ನು ನಿರಾಕರಿಸಿದವರೊಂದಿಗೆ ಸೇರಿಸಬೇಡಿ; ತಳ್ಳುಗಾಡಿ ಮುಂದಿನ ವಾರ ಮೊದಲು ಹೋಗಬೇಕಾದದ್ದು ಅವರ ಬಳಿಗೆ.